ಮೂಳೆಯಿಲ್ಲದ ಮಾಂಸ

ನಮ್ಮ ಮನೆಗೆ ಬೆಕ್ಕು ಬಂದದ್ದು ಇಲಿಗಳ ಕಾಟದಿಂದ. ಶ್ರೀರಂಗಪಟ್ಟಣದ ಕೋಟೆಯೊಳಗಿನ ಹಳೆಯ ಬೀದಿಯಲ್ಲಿ ನಮ್ಮದು ಉದ್ದನೆಯ ಹೆಂಚಿನ ಮನೆ. ಮುಂದೆ ಜಗಲಿ, ಹಿಂದೆ ಹಿತ್ತಲು, ನಡುವೆ ಒಂದರ ಹಿಂದೆ ಒಂದು ಕೋಣೆ. ಬೀದಿಯ ಕೊನೆಯಲ್ಲಿರುವ ಚಿಕ್ಕ ದೇವಸ್ಥಾನದ ಪೂಜೆ ನನ್ನ ಗಂಡನ ಮನೆತನದ್ದು. ಅವರು ಬೆಳಗ್ಗೆ ಪೂಜೆ ಮುಗಿಸಿ ಹತ್ತು ಗಂಟೆಗೆ ಕಚೇರಿಗೆ ಹೊರಡುತ್ತಾರೆ. ನಾನು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಮಾಡುತ್ತೇನೆ. ದೇವರ ನೈವೇದ್ಯದ ಅನ್ನ ಆಗ ನಮ್ಮ ಅಡುಗೆಮನೆಯಲ್ಲೇ ಆಗುತ್ತಿತ್ತು. ಅತ್ತೆ ಬೆಳಗಿನ ಸ್ನಾನ ಮಾಡಿ, ಮಡಿಯುಟ್ಟು, ಯಾರನ್ನೂ ಮುಟ್ಟದೆ ಆ ಅನ್ನ ಬೇಯಿಸುತ್ತಿದ್ದರು. ಮದುವೆಯಾಗಿ ಬಂದ ವರ್ಷದಿಂದ ಅವರು ಆ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟವರಲ್ಲ.

ಆ ನೈವೇದ್ಯದ ಅಕ್ಕಿಯ ಚೀಲಕ್ಕೇ ಇಲಿ ಬಾಯಿ ಹಾಕಿತು. ಎಂಜಲಾಯಿತೆಂದು ಒಂದು ಚೀಲ ಪೂರ್ತಿ ಬೀದಿಯ ಹಸುಗಳಿಗೆ ಹಾಕಿದ ದಿನ ಅತ್ತೆ ನನ್ನನ್ನು ಕರೆದು, "ಒಂದು ಬೆಕ್ಕು ತಂದು ಬಿಡೇ. ಇದಕ್ಕೆ ಇನ್ನೇನೂ ಉಪಾಯ ಇಲ್ಲ" ಎಂದರು.

ನಮ್ಮ ಶಾಲೆಯ ದೈಹಿಕ ಶಿಕ್ಷಕಿ ನಾಗಮಂಗಲದ ಹೊಣಕೆರೆ ಕಡೆಯವರು. ಹೊಲ, ಹಸು, ಕೋಳಿ ಎಲ್ಲ ಇರುವ ದೊಡ್ಡ ಮನೆ. ಅವರ ಮನೆಯ ಬೆಕ್ಕು ಮರಿ ಹಾಕಿತ್ತು. ಒಂದು ಸೋಮವಾರ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು, ಅದರೊಳಗೆ ಹಳೆ ಸೀರೆಯ ತುಂಡು ಹಾಸಿ, ಬಸ್ಸಿನಲ್ಲಿ ತಂದುಕೊಟ್ಟರು. ಬೂದು ಬಣ್ಣದ ಹೆಣ್ಣುಮರಿ. ಅಂಗೈ ತುಂಬ ಕೂರುವಷ್ಟಿತ್ತು.

ಅತ್ತೆ ಅದಕ್ಕೆ ಹಾಲು ಕೊಟ್ಟರು, ಮೊಸರನ್ನ ಕೊಟ್ಟರು. ಮರಿ ತಿಂದಿತು, ಮರುದಿನದಿಂದ ಭೇದಿ ಹಿಡಿಯಿತು. ಎರಡು ವಾರವಾದರೂ ಬೆಳೆಯಲಿಲ್ಲ. ಹೊಟ್ಟೆ ಮಾತ್ರ ಉಬ್ಬಿ, ಕುತ್ತಿಗೆ ಕಡ್ಡಿಯಂತಾಯಿತು. ನಾನು ಶಾಲೆಯಲ್ಲಿ ಹೇಳಿದಾಗ ದೈಹಿಕ ಶಿಕ್ಷಕಿ ತಲೆ ಚಚ್ಚಿಕೊಂಡರು.

"ಅಲ್ಲ ಮೇಡಂ, ಅದು ಮಾಂಸ ತಿನ್ನೋ ಜಾತಿ. ಮೊಸ್ರನ್ನ ಆಕಿ ಆಕಿ ಸಾಯಿಸ್ಬುಡ್ತೀರ ಕಣ್ರೀ. ನಮ್ಮಟ್ಟೀಲಿ ಇದ್ದಿದ್ರೆ ಇಷ್ಟೊತ್ಗೆ ಇಲಿ ಇಡ್ಯೋದು ಕಲ್ತಿರೋದು."

"ನಮ್ಮ ಮನೆಗೆ ಮಾಂಸ ತರೋದು ಹೇಗೆ ಹೇಳಿ?"

"ಅದು ನಿಮ್ಗೆ ಬುಟ್ಟಿದ್ದು" ಎಂದು ಅವರು ಮೊಬೈಲಿನಲ್ಲಿ ಒಂದು ವಿಡಿಯೋ ತೆಗೆದು ತೋರಿಸಿದರು. ಯಾರೋ ಒಬ್ಬರು ತಮ್ಮ ಬೆಕ್ಕಿಗೆ ಹಸಿ ಮಾಂಸ ಹಾಕುತ್ತಿದ್ದರು. ಬೆಕ್ಕಿನ ಮೈ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಬೇಯಿಸಬಾರದು, ಹಸಿಯಾಗಿಯೇ ಕೊಡಬೇಕು, ಅದೇ ಅದರ ಸಹಜ ಆಹಾರ ಎಂದು ಆ ಮನುಷ್ಯ ಹೇಳಿದ. ವಿಡಿಯೋ ಎಷ್ಟು ಉದ್ದವಿತ್ತೋ, ನಾನು ಅಷ್ಟೇ ನೋಡಿದೆ. ಮುಂದಿನ ಭಾಗವೂ ಇದೆ ಎಂದು ಕೊನೆಯಲ್ಲಿ ಬರೆದಿತ್ತು, ಅದನ್ನು ಹುಡುಕಲಿಲ್ಲ.

ಆ ಸಂಜೆ ಬಸ್ಸಿಳಿದವಳು ಮನೆಯ ದಾರಿ ಬಿಟ್ಟು, ಕೋಟೆಯ ಹೊರಗಿನ ಕೋಳಿ ಅಂಗಡಿಯ ಮುಂದೆ ನಿಂತೆ. ಅಂಗಡಿಯ ಸಾಹೇಬರ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ಅವರು ನನ್ನನ್ನು ನೋಡಿ ಕತ್ತಿ ಕೆಳಗಿಟ್ಟರು.

"ಏನ್ ಟೀಚರಮ್ಮ, ದಾರಿ ತಪ್ಪಿ ಬಂದ್ರಾ?"

"ಬೆಕ್ಕಿಗೆ... ಸ್ವಲ್ಪ ಬೇಕಿತ್ತು."

ಅವರು ನಗಲಿಲ್ಲ. "ಅಂಗಾದ್ರೆ ಕತ್ತು, ರೆಕ್ಕೆ ತುದಿ ತಗೊಳ್ಳಿ. ಚಿಕ್ಕದಾಗಿ ಒಡೆದು ಕೊಡ್ತೀನಿ. ಅದ್ಕೆ ಅದೇ ಸರಿ" ಎಂದು ಕಪ್ಪು ಕವರಿನಲ್ಲಿ ಕಟ್ಟಿಕೊಟ್ಟರು.

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಅತ್ತೆ ದೇವರ ದೀಪ ಹಚ್ಚುವ ಹೊತ್ತಿನಲ್ಲಿ, ನಾನು ಆ ಕವರು ಬಿಚ್ಚಿದೆ. ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವಳಲ್ಲ. ಮರಿ ಮಾತ್ರ ಒಂದು ಬಗೆಯ ಗುರುಗುಟ್ಟುವ ಸದ್ದು ಮಾಡುತ್ತ, ನನ್ನ ಕೈಗೇ ಹಾರಿ, ಕಣ್ಣು ಮುಚ್ಚಿಕೊಂಡು ತಿಂದಿತು. ಅಷ್ಟು ಚಿಕ್ಕ ಪ್ರಾಣಿಯಲ್ಲಿ ಅಷ್ಟು ಹಸಿವು ಇತ್ತೆಂದು ನನಗೆ ಗೊತ್ತಿರಲಿಲ್ಲ. ನಾನು ಕಲ್ಲಿಗೆ ನೀರು ಸುರಿದು, ಎರಡು ಸಲ ಸೋಪು ಹಾಕಿ ಕೈ ತೊಳೆದು, ಸೀರೆ ಬದಲಿಸಿ ಒಳಗೆ ಹೋದೆ. ನಾಲ್ಕೇ ದಿನದಲ್ಲಿ ಭೇದಿ ನಿಂತಿತು.

ಗಂಡನಿಗೆ ಆ ವಾರವೇ ಅನುಮಾನ ಬಂತು. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತಡೆದರು. "ನಂಗೆ ಹೇಳ್ಬೇಡ. ಹೇಳಿದ್ರೆ, ಅಮ್ಮ ಕೇಳಿದಾಗ ನಾನು ಸುಳ್ಳು ಹೇಳ್ಬೇಕಾಗುತ್ತೆ. ನಾಳೆ ಬೆಳಗ್ಗೆ ದೇವರ ಮುಂದೆ ನಿಲ್ಲೋನು ನಾನು" ಎಂದರು. ಆಮೇಲೆ ಆ ವಿಷಯ ಎತ್ತಲಿಲ್ಲ. ಸಂಜೆ ನಾನು ಹಿತ್ತಲಿಗೆ ಹೋಗುವಾಗ ಮಾತ್ರ ಅವರು ನಡುಮನೆಯಲ್ಲಿ ಅಮ್ಮನ ಜೊತೆ ಮಾತಿಗೆ ಕೂರುತ್ತಿದ್ದರು.

ಒಂದು ಬೆಳಗ್ಗೆ ಹಿತ್ತಲಿನಿಂದ ಅತ್ತೆ ಕೂಗಿಕೊಂಡರು. ತುಳಸಿಕಟ್ಟೆಯ ಮೇಲೆ ಕೋಳಿಯ ಕತ್ತಿನ ಒಂದು ಮೂಳೆ ಬಿದ್ದಿತ್ತು. ಮರಿ ಬಿಟ್ಟದ್ದನ್ನು ಕಾಗೆ ಎತ್ತಿ ಅಲ್ಲಿ ಹಾಕಿರಬೇಕು. ಒಲೆಯ ಮೇಲೆ ನೈವೇದ್ಯದ ಅನ್ನ ಅರ್ಧ ಬೆಂದಿತ್ತು. ಅದನ್ನು ಇಳಿಸಿ, ಹಿತ್ತಲಂಗಳ ಪೂರ್ತಿ ಸಗಣಿ ಹಾಕಿ ಸಾರಿಸಿ, ಮತ್ತೆ ತಣ್ಣೀರು ಸ್ನಾನ ಮಾಡಿ, ಹೊಸದಾಗಿ ಅನ್ನಕ್ಕಿಟ್ಟರು. ದೇವಸ್ಥಾನದಲ್ಲಿ ಮಂಗಳಾರತಿ ತಡವಾಯಿತು. "ಯಾವ ಮನೆಯಿಂದ ತರುತ್ತೋ ಈ ಹಾಳು ಕಾಗೆ" ಎಂದು ಬೈಯುತ್ತ ರಂಗೋಲಿ ಎಳೆದರು. ನಾನು ಪಕ್ಕದಲ್ಲೇ ನಿಂತು ನೀರು ಸೇದಿಕೊಡುತ್ತಿದ್ದೆ.

ಆ ಸಂಜೆ ಸಾಹೇಬರಿಗೆ, "ಇನ್ನು ಮೇಲೆ ಮೂಳೆ ಬೇಡ, ಬರೀ ಮಾಂಸ ಕೊಡಿ" ಎಂದೆ.

"ಬೋನ್‌ಲೆಸ್ಸಾ? ಬೆಕ್ಕು ಇಲೀನ ತಲೆಯಿಂದ ಬಾಲದಗಂಟ ತಿಂತದೆ ಕಣಮ್ಮ. ಬರೀ ಎದೆ ಮಾಂಸ ಆಕಿದ್ರೆ ಎಂಗೆ?"

"ಮೂಳೆ ಮನೇಲಿ ಬಿದ್ರೆ ಕಷ್ಟ, ಸಾಹೇಬರೇ."

ಅವರಿಗೆ ಅರ್ಥವಾಯಿತು. ಮತ್ತೆ ಕೇಳಲಿಲ್ಲ. ಅಂದಿನಿಂದ ಮೂರು ತಿಂಗಳು ಮರಿಗೆ ಎದೆಯ ಬಿಳಿ ಮಾಂಸ, ಹುಣಸೆ ಬೀಜದಷ್ಟು ಚಿಕ್ಕದಾಗಿ ಕತ್ತರಿಸಿದ್ದು. ಒಂದು ಚೂರೂ ಮಿಗುತ್ತಿರಲಿಲ್ಲ, ಕಾಗೆಗೆ ಎತ್ತಲು ಏನೂ ಉಳಿಯುತ್ತಿರಲಿಲ್ಲ. ಖಾಲಿ ಕವರನ್ನು ಮಡಿಸಿ ಬ್ಯಾಗಿನಲ್ಲಿಟ್ಟು, ಮರುದಿನ ಬಸ್ ಸ್ಟ್ಯಾಂಡಿನ ತೊಟ್ಟಿಗೆ ಹಾಕುತ್ತಿದ್ದೆ. ಮರಿಯ ಮೈ ವಿಡಿಯೋದಲ್ಲಿ ನೋಡಿದ ಬೆಕ್ಕಿನಂತೆಯೇ ಹೊಳೆಯತೊಡಗಿತು. ಅತ್ತೆ ಮಧ್ಯಾಹ್ನ ಒಂದು ಬಟ್ಟಲಲ್ಲಿ ನೀರು ಬೆರೆಸಿದ ಹಾಲು ಇಡುತ್ತಿದ್ದರು. ಅದು ಹಾಲಿಗೆ ಮೂತಿ ತಾಗಿಸಿ, ಅವರ ಸಮಾಧಾನಕ್ಕೆಂಬಂತೆ ನಾಲ್ಕು ಸಲ ನೆಕ್ಕಿ, ಅವರ ಸೆರಗಿನ ಹತ್ತಿರ ಮಲಗುತ್ತಿತ್ತು. "ನನ್ನ ಹಾಲಿಗೇ ನೋಡು ಹೇಗೆ ತುಂಬ್ಕೊಂಡಿದೆ" ಎಂದು ಅವರು ಅಕ್ಕಪಕ್ಕದವರಿಗೆ ಹೇಳುತ್ತಿದ್ದರು.

ಮೊದಲು ಗಮನಿಸಿದವರೂ ಅವರೇ. "ಇದು ಯಾಕೆ ಕಿಟಕಿ ಹತ್ತೋದು ಬಿಟ್ಟಿದೆ?" ಎಂದು ಒಂದು ದಿನ ಕೇಳಿದರು. ಬೆಳೆಯುತ್ತಿದೆ, ಸೋಮಾರಿಯಾಗಿದೆ ಎಂದೆ. ಆಮೇಲೆ ಅದು ಮುಂಗಾಲನ್ನು ಸ್ವಲ್ಪ ಸೊಟ್ಟ ಇಟ್ಟು ನಡೆಯುವುದು ನನಗೂ ಕಂಡಿತು. ಎತ್ತಿಕೊಳ್ಳಲು ಹೋದರೆ ಸಣ್ಣಗೆ ನರಳುತ್ತಿತ್ತು. ಶಕ್ತಿ ಸಾಲದೇನೋ ಎಂದು ಮಾಂಸ ಇನ್ನಷ್ಟು ಹೆಚ್ಚಿಸಿದೆ. ಅದೇ ತಿಂಗಳು ಒಂಬತ್ತನೇ ತರಗತಿಗೆ ಸುಣ್ಣದ ಅಂಶ, ಮೂಳೆಯ ಬೆಳವಣಿಗೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದೆ.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು ಜಗಲಿಯಲ್ಲಿ ಚಪ್ಪಲಿ ಬಿಡುತ್ತಿದ್ದೆ. ನನ್ನ ಸದ್ದು ಕೇಳಿ ಮರಿ ಕಿಟಕಿಯ ಕೆಳಗಿನ ಮಣೆಯಿಂದ ನೆಲಕ್ಕೆ ಹಾರಿತು. ಮೊಣಕಾಲೆತ್ತರವೂ ಇಲ್ಲದ ಮಣೆ. ಅದು ಕಿರುಚಿದ ಸದ್ದು ಬೆಕ್ಕಿನದೆಂದು ನನಗೆ ಮೊದಲು ಅನ್ನಿಸಲೇ ಇಲ್ಲ. ಓಡಿ ಹೋಗಿ ನೋಡಿದರೆ, ಹಿಂದಿನ ಎರಡು ಕಾಲನ್ನೂ ಎಳೆದುಕೊಂಡು, ಮುಂಗಾಲಿನಲ್ಲಿ ನೆಲ ಕೆರೆಯುತ್ತ ನನ್ನ ಕಡೆಗೆ ಬರುತ್ತಿತ್ತು.

ಅದೇ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಗಂಡ ಸ್ಕೂಟರ್ ತೆಗೆದರು. ಪಶು ಆಸ್ಪತ್ರೆಯ ಅಂಗಳದಲ್ಲಿ ಎರಡು ಸೀಮೆಹಸು, ಒಂದು ಕುರಿ ಕಾಯುತ್ತಿದ್ದವು. ಹಸುವಿನ ಜೊತೆ ಬಂದಿದ್ದ ಹೆಂಗಸು ಪೆಟ್ಟಿಗೆಯೊಳಗೆ ಇಣುಕಿ, "ಅಯ್ಯೋ, ಇದ್ನ ಮೊದ್ಲು ನೋಡ್ಲಿ ಬುಡಿ, ನಮ್ದು ತಡ್ಕತದೆ" ಎಂದು ದಾರಿ ಬಿಟ್ಟರು. ಡಾಕ್ಟರು ಹೊಸಹೊಳಲಿನ ಕಡೆಯವರು, ನಡುವಯಸ್ಸಿನವರು. ಬೆರಳ ತುದಿಯಲ್ಲಿ ಮರಿಯ ಬೆನ್ನು ಮುಟ್ಟಿ, ಬಾಲ ಎತ್ತಿ, ಕಾಲ ಬೆರಳು ಚಿವುಟಿ ನೋಡಿದರು. ನೋವಿಗೆ ಇಂಜೆಕ್ಷನ್ ಕೊಟ್ಟರು.

"ಬೆನ್ಮೂಳೆ ಮುರ್ದಿದ್ರೆ ನನ್ ಕೈಲೇನೂ ಆಗಕ್ಕಿಲ್ಲ. ಮೈಸೂರ್ಗೋಗಿ ಎಕ್ಸ್‌ರೇ ತೆಗೆಸ್ಕಂಡು ಬನ್ನಿ. ಸಂಜೆಗಂಟ ಇಲ್ಲೇ ಇರ್ತೀನಿ. ದಾರೀಲಿ ಅಳ್ಳಾಡಿಸ್ಬೇಡಿ."

ಆ ದಾರಿಯಲ್ಲಿ ರಸ್ತೆಯ ಒಂದೊಂದು ಉಬ್ಬೂ ನನ್ನ ಎದೆಗೇ ತಾಗಿತು. ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಎತ್ತಿ ಹಿಡಿದೇ ಕೂತಿದ್ದೆ, ತೋಳು ಮರಗಟ್ಟಿತು. ಫಿಲ್ಮು ಹಿಡಿದು ವಾಪಸು ಬಂದಾಗ ಆಸ್ಪತ್ರೆಯ ಅಂಗಳ ಖಾಲಿಯಾಗಿತ್ತು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು.

"ಏನಮ್ಮ ಆಕ್ತಿದ್ರಿ ಇದ್ಕೆ?"

"ಕೋಳಿ ಮಾಂಸ. ಹಸೀದು."

ಗಂಡ ತಲೆ ತಗ್ಗಿಸಿದರು.

"ಮೂಳೆ ಸಮೇತಾನಾ?"

"ಇಲ್ಲ. ಬೋನ್‌ಲೆಸ್."

"ಅದೇ ನೋಡಿ. ಇಲ್ಲಿ ಮೂಳೆ ಯಾವ್ದು, ಮಾಂಸ ಯಾವ್ದು, ಗೊತ್ತಾಯ್ತದಾ?" ಫಿಲ್ಮಿನಲ್ಲಿ ಮೂಳೆ ಬೆಳ್ಳಗೆ ಎದ್ದು ಕಾಣಬೇಕಿತ್ತು. ಅಲ್ಲಿ ಎಲ್ಲವೂ ಬೂದಿಯ ಬಣ್ಣಕ್ಕಿತ್ತು. ಹಿಂದಿನ ಎರಡೂ ತೊಡೆಯ ಮೂಳೆಗಳು ಎಳೆಯ ಕಡ್ಡಿ ಬಾಗಿದ ಹಾಗೆ ಮಡಚಿಕೊಂಡಿದ್ದವು. "ಬರೀ ಮಾಂಸದಲ್ಲಿ ಕ್ಯಾಲ್ಸಿಯಂ ಇರಕ್ಕಿಲ್ಲ. ಬೆಳೆಯೋ ಮರಿ. ಹೊರಗಿಂದ ಸಿಗ್ನಿಲ್ಲ ಅಂತ ಮೈಯಿ ತನ್ನ ಮೂಳೇನೇ ಕರಗ್ಸಿ ತಿಂದದೆ. ಬೆನ್ಮೂಳೆ ಒಂದು ಉಳ್ಕಂಡದೆ, ನಿಮ್ಮ ಪುಣ್ಯ."

ಹೊಡೆದು ಮುರಿದಿದ್ದರೂ ಇಷ್ಟಾಗುತ್ತಿರಲಿಲ್ಲ. ದಿನಾ ಸಂಜೆ ಪ್ರೀತಿಯಿಂದ ಕತ್ತರಿಸಿ ಹಾಕಿ ಈ ಸ್ಥಿತಿಗೆ ತಂದಿದ್ದೆ.

ಡಾಕ್ಟರು ಚೀಟಿಯ ಮೇಲೆ ಬರೆದರು. ಆರು ವಾರ ಗೂಡಿನಲ್ಲಿಡಬೇಕು, ಹಾರಲು ಬಿಡಬಾರದು. ಮರಿಗಳಿಗೆಂದು ಬರುವ ಪ್ಯಾಕೆಟ್ ಆಹಾರ ತಿಂದರೆ ಅದೇ ಸುಲಭ, ಅದರಲ್ಲಿ ಎಲ್ಲ ಲೆಕ್ಕವಾಗಿ ಇರುತ್ತದೆ. ಮೂಸದೇ ಹೋದರೆ ಕೋಳಿಯ ಕತ್ತು, ರೆಕ್ಕೆಯನ್ನು ಹಸಿಯಾಗಿಯೇ ಮೂಳೆ ಸಮೇತ ನುಣ್ಣಗೆ ಕೈಮಾ ಮಾಡಿಸಿ, ಜೊತೆಗೆ ತಾವು ಕೊಡುವ ಪುಡಿ ಬೆರೆಸಿ ದಿನಕ್ಕೆ ನಾಲ್ಕು ಸಲ. ಬೇಯಿಸಿದ ಮೂಳೆ ಯಾವತ್ತೂ ಕೊಡಬಾರದು, ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. "ಮಾಂಸ ಮುಟ್ಟಿದ ಕೈ, ಪಾತ್ರೆ ಚೆನ್ನಾಗಿ ತೊಳೀಬೇಕು" ಎಂದರು. ಅದೊಂದು ಮಾತ್ರ ನಾನು ತಪ್ಪದೆ ಮಾಡಿದ್ದೆ.

ಮನೆಗೆ ಬಂದಾಗ ಅತ್ತೆ ಜಗಲಿಯ ಪಕ್ಕದ ಕೋಣೆಯಲ್ಲಿ ಹಳೆ ಕಂಬಳಿ ಮಡಿಸಿ ಹಾಸಿದ್ದರು. ಕಣ್ಣು ಕೆಂಪಾಗಿದ್ದವು. "ಏನಂದ್ರು?" ಎಂದರು. ಮೂಳೆ ಸವೆದಿದೆಯಂತೆ, ಸುಣ್ಣದ ಅಂಶ ಸಾಲದಂತೆ ಎಂದು ಗಂಡ ಹೇಳಿದರು.

ಅತ್ತೆ ಗೋಡೆಗೆ ಒರಗಿದರು. "ನಂದೇ ತಪ್ಪು ಕಣೇ. ಹಾಲಿಗೆ ನೀರು ಬೆರೆಸ್ತಿದ್ದೆ. ಭೇದಿ ಆಗುತ್ತೆ ಅಂತ ಭಯಕ್ಕೆ. ಗಟ್ಟಿ ಹಾಲು ಕೊಟ್ಟಿದ್ದಿದ್ರೆ..." ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಸುಮ್ಮನಿದ್ದರೆ ಆ ದಿನವೂ ಗುಟ್ಟು ಉಳಿಯುತ್ತಿತ್ತು. ಗಂಡ ನನ್ನನ್ನೇ ನೋಡುತ್ತಿದ್ದರು.

"ನಿಮ್ಮ ಹಾಲಲ್ಲ ಅತ್ತೆ. ನಾನು ಅದಕ್ಕೆ ನಾಲ್ಕು ತಿಂಗಳಿಂದ ಕೋಳಿ ಮಾಂಸ ಹಾಕ್ತಿದೀನಿ. ಹಿತ್ತಲಲ್ಲಿ. ತುಳಸಿಕಟ್ಟೆ ಮೇಲೆ ಬಿದ್ದಿದ್ದೂ ನಾನು ತಂದಿದ್ದೇ. ಅದಾದ ಮೇಲೆ ಮೂಳೆ ಬೇಡ ಅಂದೆ. ಅದಕ್ಕೇ ಹೀಗಾಯ್ತು."

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬಾಗಿಲ ಚೌಕಟ್ಟು ಹಿಡಿದರು. "ಆವತ್ತು ನೀರು ಸೇದಿಕೊಟ್ಟೆಯಲ್ಲೇ" ಎಂದರು. ಆಮೇಲೆ, "ಪ್ರಾಣಿ ಏನು ತಿನ್ನುತ್ತೋ ಅದು ತಿನ್ನಲಿ. ನಾಲ್ಕು ತಿಂಗಳು ನಾನು ದೇವರಿಗೆ ಯಾವ ಮನೇಲಿ ಅನ್ನ ಮಾಡ್ತಿದೀನಿ ಅಂತ ನಂಗೇ ಗೊತ್ತಿರಲಿಲ್ಲ" ಎಂದು ಒಳಗೆ ಹೋದರು.

ಮಾರನೇ ಬೆಳಗ್ಗೆ ಅಡುಗೆಮನೆಯಲ್ಲಿ ಸದ್ದಿರಲಿಲ್ಲ. ನೈವೇದ್ಯದ ಪಾತ್ರೆ, ಅಕ್ಕಿಯ ಡಬ್ಬ ಎರಡನ್ನೂ ನನ್ನ ಗಂಡನ ಕೈಯಲ್ಲಿ ಹೊರಿಸಿಕೊಂಡು ಅತ್ತೆ ದೇವಸ್ಥಾನಕ್ಕೆ ಹೊರಟಿದ್ದರು. ಅಲ್ಲಿ ಹಿಂಬದಿಯಲ್ಲಿ ಒಂದು ಪುಟ್ಟ ಅಡುಗೆ ಕೋಣೆ ಇತ್ತು, ಉಪಯೋಗಿಸದೆ ಬಹಳ ಕಾಲವಾಗಿತ್ತು. ಅದನ್ನು ತೊಳೆದು ಅಲ್ಲೇ ಒಲೆ ಹಚ್ಚಿದರು. ಮಂಡಿ ನೋವಿನ ಕಾಲಿನಲ್ಲಿ ಬೀದಿಯುದ್ದ ದಿನಾ ನಡೆದು ಹೋಗುವುದನ್ನು ನಾನು ಜಗಲಿಯಿಂದ ನೋಡುತ್ತಿದ್ದೆ. ನನ್ನೊಡನೆ ಮಾತು ನಿಂತಿತು. ಊಟಕ್ಕೆ ಕರೆಯುತ್ತಿದ್ದರು, ಅಷ್ಟೆ.

ದೈಹಿಕ ಶಿಕ್ಷಕಿ ಊರಿನಿಂದ ತಂತಿಯ ಗೂಡೊಂದನ್ನು ತಂದುಕೊಟ್ಟರು. ಪ್ಯಾಕೆಟ್ಟಿನ ಆಹಾರವನ್ನು ಮರಿ ಮೂಸಿ, ಅದರ ಮೇಲೆ ಮಣ್ಣು ಮುಚ್ಚುವವರ ಹಾಗೆ ಕಂಬಳಿ ಕೆರೆಯಿತು. ಕೊನೆಗೆ ಕೈಮಾವೇ ಗತಿಯಾಯಿತು. ಸಾಹೇಬರು ಕತ್ತು, ರೆಕ್ಕೆಯನ್ನು ಎರಡು ಸಲ ಮೆಷಿನ್ನಿಗೆ ಹಾಕಿ, ಮೂಳೆಯ ಚೂರು ಉಳಿದಿದೆಯೇ ಎಂದು ಬೆರಳಲ್ಲಿ ತಿಕ್ಕಿ ನೋಡಿ ಕೊಡುತ್ತಿದ್ದರು. ನಾವು ಫ್ರಿಜ್ಜಿನಲ್ಲಿ ಇಡುವ ಹಾಗಿರಲಿಲ್ಲವಾದ್ದರಿಂದ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ತರಬೇಕು. ಮಧ್ಯಾಹ್ನ ಗಂಡ ಊಟಕ್ಕೆ ಬಂದಾಗ, ತಾವೇ ಅಂಗಡಿಯಿಂದ ತಂದು, ಅಂಗಿ ಬಿಚ್ಚಿಟ್ಟು, ಮರಿಗೆ ಹಾಕಿ ಸ್ನಾನ ಮಾಡಿ ಉಣ್ಣುತ್ತಿದ್ದರು.

ನಾಲ್ಕನೇ ವಾರದ ಒಂದು ದಿನ ಅವರು ಕಚೇರಿ ಕೆಲಸಕ್ಕೆ ಕೆ.ಆರ್.ಪೇಟೆಗೆ ಹೋಗಿದ್ದರು. ಮಧ್ಯಾಹ್ನದ ಪಾಲು ತಪ್ಪಿತ್ತು. ಸಂಜೆ ಬೇಗ ಮುಟ್ಟುತ್ತೇನೆಂದು ನಾನು ಧೈರ್ಯ ಮಾಡಿದ್ದೆ. ಪಾಂಡವಪುರ ಬಿಟ್ಟ ಬಸ್ಸು ಸ್ವಲ್ಪ ದೂರಕ್ಕೇ ನಿಂತಿತು. ಮುಂದೆ ಕಬ್ಬು ಬೆಳೆಗಾರರ ರಸ್ತೆ ತಡೆ. ಟ್ರಾಕ್ಟರುಗಳು ಅಡ್ಡ ನಿಂತಿದ್ದವು. ಅರ್ಧ ಗಂಟೆ, ಮುಕ್ಕಾಲು ಗಂಟೆ. ಆಗ ಫೋನು ಬಂತು. ನಾಲ್ಕು ವಾರದಲ್ಲಿ ಅತ್ತೆ ನನಗೆ ಮಾಡಿದ ಮೊದಲ ಫೋನು.

"ಎಲ್ಲಿದೀಯೇ? ಅದು ಗೂಡಿಗೆ ತಲೆ ಚಚ್ಕೋತಾ ಇದೆ. ತಂತಿ ಹತ್ತೋಕೆ ನೋಡ್ತಿದೆ. ಬಿದ್ದು ಮತ್ತೆ ಕಾಲು ಮುರ್ಕೊಂಡ್ರೆ?"

"ಬಸ್ಸು ನಿಂತುಬಿಟ್ಟಿದೆ ಅತ್ತೆ. ಬಾಗಿಲು ಹಾಕಿ ಕತ್ತಲೆ ಮಾಡಿ, ಸುಮ್ಮನಾಗಬಹುದು."

"ಮಾಡಿದೆ. ಆಗಲಿಲ್ಲ."

ಅವರ ಹಿಂದೆ ಗೂಡು ಅಲುಗುವ ಸದ್ದು ಕೇಳುತ್ತಿತ್ತು. ಆಮೇಲೆ ಅವರು, "ಆ ಅಂಗಡಿ ಎಲ್ಲಿದೆ?" ಎಂದರು.

ಕೋಟೆಯ ಹೊರಗಿನ ಅಂಗಡಿಯ ಗುರುತು ಹೇಳಿದೆ. ಫೋನು ಇಟ್ಟರು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಬಸ್ಸಿನಿಂದಿಳಿದು ಗದ್ದೆಯ ಬದುವಿನ ಮೇಲೆ ಟ್ರಾಕ್ಟರುಗಳನ್ನು ದಾಟಿ, ಆಚೆ ಸಿಕ್ಕ ಆಟೋ ಹಿಡಿದು ಊರು ಮುಟ್ಟುವಾಗ ಹೊತ್ತು ಇಳಿದಿತ್ತು.

ನಮ್ಮ ಜಗಲಿಯ ಮೆಟ್ಟಿಲ ಮೇಲೆ ಸಾಹೇಬರು ಕೂತು ಎರಡೂ ಕೈ ಚಾಚಿದ್ದರು. ಅತ್ತೆ ಮೇಲಿನಿಂದ ಚೊಂಬಿನಲ್ಲಿ ಅವರ ಕೈಗೆ ನೀರು ಸುರಿಯುತ್ತಿದ್ದರು. ಕೋಣೆಯಲ್ಲಿ ಮರಿ ತಿಂದು ಮುಗಿಸಿ ಮುಖ ಒರೆಸಿಕೊಳ್ಳುತ್ತಿತ್ತು. ಅತ್ತೆ ನನ್ನನ್ನು ನೋಡಿ, "ಪುಡಿ ಎರಡು ಚಿಟಿಕೆ ತಾನೆ? ಅಷ್ಟೇ ಹಾಕಿಸ್ದೆ" ಎಂದು ಚೊಂಬನ್ನು ಕೆಳಗಿಟ್ಟು ಸ್ನಾನಕ್ಕೆ ಹೋದರು.

ಸಾಹೇಬರು ದನಿ ತಗ್ಗಿಸಿ ಹೇಳಿದರು. "ರಸ್ತೆ ಆ ಕಡೆ ನಿಂತ್ಕಂಡು ಕರೆದ್ರಮ್ಮ. ಮೂಗಿಗೆ ಸೆರಗು. ನಂಗೆ ಗಾಬ್ರಿ, ಯಾರಿಗಾದ್ರೂ ಏನಾರ ಆಯ್ತಾ ಅಂತ. 'ಬೆಕ್ಕು ಹಸ್ಕೊಂಡಿದೆ, ನೀವೇ ಬಂದು ಹಾಕ್ಬೇಕು, ನಂಗೆ ಬರಲ್ಲ' ಅಂದ್ರು. ಅಲ್ಲಾ ಮೇಲಾಣೆ, ಅಂಗಡಿ ಅಂಗೇ ಬುಟ್ಟು ಬಂದೆ."

ಆರು ವಾರ ಮುಗಿದ ಮೇಲೆ ಮತ್ತೆ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಅದನ್ನು ಅದೇ ಕಿಟಕಿಗೆ ಹಿಡಿದು, "ಈಗ ನೋಡಿ, ಬೆಳ್ಳಗೆ ಬಂದ್ಬುಟ್ಟದೆ" ಎಂದರು. ಮುರಿದ ಕಡೆ ಗಂಟು ಕಟ್ಟಿ ಕೂಡಿಕೊಂಡಿತ್ತು. ಹಿಂದಿನ ಬಲಗಾಲು ಸ್ವಲ್ಪ ಸೊಟ್ಟ ಉಳಿಯಿತು. ಸೊಂಟ ಕಿರಿದಾಗಿರುವುದರಿಂದ ಮರಿ ಹಾಕುವುದು ಅಪಾಯ ಎಂದು ಆಪರೇಷನ್ ಮಾಡಿಸಿದೆವು. ಈಗ ಅದಕ್ಕೆ ಎರಡು ವರ್ಷ. ಇಲಿ ಹಿಡಿಯುತ್ತದೆ, ನಿಧಾನದವನ್ನು ಮಾತ್ರ.

ಅತ್ತೆ ಈಗಲೂ ನೈವೇದ್ಯವನ್ನು ದೇವಸ್ಥಾನದಲ್ಲೇ ಮಾಡುತ್ತಾರೆ. ಮನೆಗೆ ಮರಳಿ ತನ್ನಿ ಎಂದು ನಾನೂ ಕೇಳಿಲ್ಲ, ಕೇಳುವ ಮುಖ ನನಗಿಲ್ಲ. ಬೆಳಗ್ಗೆ ಅಕ್ಕಿಯ ಡಬ್ಬ ಹೊತ್ತು ಅವರ ಜೊತೆ ದೇವಸ್ಥಾನದ ಬಾಗಿಲ ತನಕ ಹೋಗುತ್ತೇನೆ. ಮಾತು ತಿರುಗಿ ಬಂದಿದೆ. ಮೊದಲಿನಷ್ಟು ಇಲ್ಲ. ಮನೆಗೆ ಹೊಸದಾಗಿ ಏನು ತರುವುದಿದ್ದರೂ ಮೊದಲು ಅವರಿಗೆ ಹೇಳುತ್ತೇನೆ. ಕೆಲವಕ್ಕೆ ಆಗಲಿ ಎನ್ನುತ್ತಾರೆ, ಕೆಲವಕ್ಕೆ ಬೇಡ ಎನ್ನುತ್ತಾರೆ. ಬೇಡ ಎಂದದ್ದನ್ನು ನಾನು ತರುವುದಿಲ್ಲ.